ಮೀಸಲಾತಿಯ ಲೆಕ್ಕ ಮತ್ತು ನ್ಯಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮೀಸಲಾತಿ ಬೇಕೋ ಬೇಡವೋ, ಶೇಕಡಾ ಎಷ್ಟಿರಬೇಕು ಎಂಬ ವಾದ ಎಲ್ಲ ಕಡೆ ನಡೆಯುತ್ತದೆ. ಆದರೆ ಒಬ್ಬ ಅಭ್ಯರ್ಥಿಗೆ ಅನ್ಯಾಯ ಆಗುವುದು ಬಹುಪಾಲು ಆ ಜಗಳದಲ್ಲಿ ಅಲ್ಲ. ಪಟ್ಟಿಯನ್ನು ಯಾವ ಕ್ರಮದಲ್ಲಿ ತುಂಬಿದರು, ಹುದ್ದೆಗಳನ್ನು ಯಾವ ಘಟಕದಲ್ಲಿ ಎಣಿಸಿದರು, ಪ್ರಮಾಣ ಪತ್ರ ಯಾವ ನಮೂನೆಯಲ್ಲಿತ್ತು ಎಂಬಲ್ಲಿ. ಇಲ್ಲಿನ ಉತ್ತರಗಳು ಹೆಚ್ಚಾಗಿ ಆ ಕಡೆಗೇ ತಿರುಗಿವೆ.

ಎಲ್ಲರಿಗೂ ಒಂದೇ ಪರೀಕ್ಷೆ ಇರುವಾಗ ಮೀಸಲಾತಿ ಹೇಗೆ ನ್ಯಾಯ?

ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುವುದು ಒಂದು ಮಾತು. ಬಾಗಿಲ ತನಕ ಬರುವ ದಾರಿ ಎಲ್ಲರಿಗೂ ಇದೆಯೇ ಎನ್ನುವುದು ಇನ್ನೊಂದು. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದರು. ಒಂದೇ ಮಟ್ಟದ ಪ್ರತಿಭೆ, ಒಂದೇ ಮಟ್ಟದ ಹಂಬಲ ಇರುವ ಇಬ್ಬರು ಹುಟ್ಟಿದ ಮನೆಯ ಕಾರಣಕ್ಕೆ ಬೇರೆ ಬೇರೆ ಕಡೆ ತಲುಪಿದರೆ, ಆ ಸಮಾಜದಲ್ಲಿ ಅವಕಾಶದ ಸಮಾನತೆ ಹೆಸರಿಗಷ್ಟೇ ಇದೆ ಎಂಬುದು ಅವರ ನಿಲುವು. ನೀವು ಯಾವ ಮನೆಯಲ್ಲಿ ಹುಟ್ಟುತ್ತೀರೆಂದು ಗೊತ್ತಿಲ್ಲದೆ ನಿಯಮ ಬರೆಯಬೇಕಾಗಿ ಬಂದರೆ ಎಂಥ ನಿಯಮ ಬರೆಯುತ್ತೀರಿ ಎಂಬುದು ಅವರು ಒಡ್ಡಿದ ಪ್ರಶ್ನೆ.

ಭಾರತದಲ್ಲಿ ಈ ಚರ್ಚೆ ರಾಲ್ಸ್‌ಗಿಂತ ಹಳೆಯದು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲೇ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದ್ದರು. ಸರ್ಕಾರಿ ನೌಕರಿ ಒಂದೇ ಸಮುದಾಯದ ಕೈಯಲ್ಲಿ ಉಳಿದಿದೆ ಎಂಬ ದೂರಿನಿಂದ ಹುಟ್ಟಿದ ಸಮಿತಿ ಅದು.

ಪರೀಕ್ಷೆಯ ಅಂಕವೇ ಅರ್ಹತೆಯ ಪೂರ್ಣ ಅಳತೆ ಎಂಬುದನ್ನು ಸುಪ್ರೀಂ ಕೋರ್ಟ್ ಕೂಡ ಒಪ್ಪಿಲ್ಲ. ವೈದ್ಯಕೀಯ ಸ್ನಾತಕೋತ್ತರ ಸೀಟುಗಳ ಅಖಿಲ ಭಾರತ ಕೋಟಾದಲ್ಲಿ ಒಬಿಸಿ ಮೀಸಲಾತಿ ಎತ್ತಿಹಿಡಿದ 2022ರ ತೀರ್ಪಿನಲ್ಲಿ, ಮನೆಯ ಓದಿನ ವಾತಾವರಣ, ಶಾಲೆ, ಕೋಚಿಂಗ್ ಎಲ್ಲದರ ಪಾಲೂ ಅಂಕದಲ್ಲಿ ಇರುತ್ತದೆ ಎಂದು ಅದು ಹೇಳಿತು.

ಹತ್ತು ವರ್ಷಕ್ಕೆ ಮುಗಿಯಬೇಕಿತ್ತಲ್ಲ?

ಇಲ್ಲ. ಹತ್ತು ವರ್ಷದ ಗಡುವು ಇದ್ದದ್ದು ಲೋಕಸಭೆ ಮತ್ತು ವಿಧಾನಸಭೆಗಳ ಮೀಸಲು ಕ್ಷೇತ್ರಗಳಿಗೆ, 334ನೇ ವಿಧಿಯಲ್ಲಿ. ಅದನ್ನು ಹತ್ತತ್ತು ವರ್ಷ ಮುಂದಕ್ಕೆ ಹಾಕುತ್ತಾ ಬಂದು, 104ನೇ ತಿದ್ದುಪಡಿಯಿಂದ ಈಗ 2030ರ ತನಕ ಬಂದಿದೆ. ಉದ್ಯೋಗ ಮತ್ತು ಶಿಕ್ಷಣದ ಮೀಸಲಾತಿ ಇರುವ 16(4), 15(4)ರಲ್ಲಿ ಗಡುವೇ ಇಲ್ಲ.

ಶೇ. 50ರ ಮಿತಿ ಎಲ್ಲಿಂದ ಬಂತು?

ನಮ್ಮಲ್ಲಿಂದಲೇ. 1962ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68ರಷ್ಟು ಮೀಸಲಿಟ್ಟಿತು. ಸುಪ್ರೀಂ ಕೋರ್ಟ್ ಅದೇ ವರ್ಷ, ಎಂ.ಆರ್. ಬಾಲಾಜಿ ಪ್ರಕರಣದಲ್ಲಿ, ಆ ಆದೇಶವನ್ನು ರದ್ದು ಮಾಡಿ ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಎಂದಿತು. 1992ರ ಇಂದಿರಾ ಸಾಹ್ನಿ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದನ್ನು ಗಟ್ಟಿ ಮಾಡಿತು.

ಇದರ ಹಿಂದಿನ ತರ್ಕ ಇನ್ನೂ ಹಿಂದಿನದು. ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 30ರಂದು ಅಂಬೇಡ್ಕರ್, ಶೇ. 70 ಮೀಸಲಿಟ್ಟು 30 ಮಾತ್ರ ಬಿಟ್ಟರೆ ಅವಕಾಶದ ಸಮಾನತೆ ಎಂಬ ಮೊದಲ ತತ್ವ ಉಳಿಯುತ್ತದೆಯೇ ಎಂದು ಕೇಳಿ, ಮೀಸಲಾತಿ ಹುದ್ದೆಗಳ ಸಣ್ಣ ಪಾಲಿಗೆ ಸೀಮಿತವಾಗಿರಬೇಕು ಎಂದಿದ್ದರು.

ಆದರೆ 50 ಎಂಬ ಅಂಕಿ ಸಂವಿಧಾನದ ಯಾವ ವಿಧಿಯಲ್ಲೂ ಬರೆದಿಲ್ಲ. ತಮಿಳುನಾಡು 1994ರಲ್ಲಿ ತನ್ನ ಶೇ. 69ರ ಕಾಯ್ದೆಯನ್ನು 76ನೇ ತಿದ್ದುಪಡಿಯ ಮೂಲಕ ಒಂಬತ್ತನೇ ಅನುಸೂಚಿಗೆ (ಕೋರ್ಟಿನ ಪ್ರಶ್ನೆಯಿಂದ ಕಾಯ್ದೆಗಳಿಗೆ ಹೆಚ್ಚಿನ ರಕ್ಷಣೆ ಕೊಡುವ ಸಂವಿಧಾನದ ಪಟ್ಟಿ) ಸೇರಿಸಿಕೊಂಡಿತು. 2019ರ 103ನೇ ತಿದ್ದುಪಡಿ ಆರ್ಥಿಕವಾಗಿ ದುರ್ಬಲ ವರ್ಗಕ್ಕೆ (ಇಡಬ್ಲ್ಯೂಎಸ್) ಶೇ. 10ರ ತನಕ ಕೊಡಲು ದಾರಿ ಮಾಡಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು 3:2ರಲ್ಲಿ ಎತ್ತಿಹಿಡಿಯಿತು. ಅದೇ ಕೋರ್ಟ್ 2021ರಲ್ಲಿ ಮರಾಠಾ ಮೀಸಲಾತಿಯನ್ನು 50 ಮೀರಿತೆಂಬ ಕಾರಣಕ್ಕೂ ಹೊಡೆದುಹಾಕಿತ್ತು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಮಿತಿ ಯಾರಿಗೆ ಗೋಡೆ, ಯಾರಿಗೆ ಗೆರೆ ಎಂಬ ಪ್ರಶ್ನೆ ಏಳುವುದು ಸಹಜ.

ಕರ್ನಾಟಕದಲ್ಲಿ ಬಹುಕಾಲ ಇದ್ದ ಹಂಚಿಕೆ: ಪರಿಶಿಷ್ಟ ಜಾತಿ 15, ಪರಿಶಿಷ್ಟ ಪಂಗಡ 3, ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ-1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಕೂಡಿದರೆ ಸರಿಯಾಗಿ 50. 2022ರಲ್ಲಿ ಪ.ಜಾ. 17, ಪ.ಪಂ. 7 ಆದ ಮೇಲೆ ಮೊತ್ತ 56. ಈ 56 ಹೈಕೋರ್ಟ್ ಮೆಟ್ಟಿಲೇರಿದೆ. ಹಾಗಾಗಿ ನೀವು ಅರ್ಜಿ ಹಾಕುವ ಅಧಿಸೂಚನೆಯಲ್ಲಿ ಯಾವ ಹಂಚಿಕೆ ಅಚ್ಚಾಗಿದೆ ಎಂದು ನೋಡಿ. ಹಳೆಯ ಕೋಷ್ಟಕ ನಂಬಿ ಲೆಕ್ಕ ಹಾಕಬೇಡಿ.

ಜಿಎಂ ಎಂದರೆ ಮೇಲ್ಜಾತಿಯವರ ಕೋಟಾ ಅಲ್ಲವೇ?

ಅಲ್ಲ, ಮತ್ತು ಅತಿ ಹೆಚ್ಚು ಹಾನಿ ಮಾಡಿರುವ ತಪ್ಪು ತಿಳಿವಳಿಕೆ ಇದೇ. ಜಿಎಂ (ಜನರಲ್ ಮೆರಿಟ್) ಎಂದರೆ ಸಾಮಾನ್ಯ ಅರ್ಹತೆ. ಅದು ಯಾವ ಜಾತಿಯ ಹೆಸರೂ ಅಲ್ಲ. ಪ.ಜಾ.ದವರು, 2ಎಯವರು, ಮಹಿಳೆಯರು, ಯಾರು ಬೇಕಾದರೂ ಅಂಕದ ಬಲದಿಂದ ಅಲ್ಲಿ ಕೂರಬಹುದು. ಹಾಗೆ ಕೂತವರನ್ನು ಅವರ ಪ್ರವರ್ಗದ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಹಾಗಾದರೆ ಆಯ್ಕೆಪಟ್ಟಿ ತುಂಬುವ ಸರಿಯಾದ ಕ್ರಮ ಯಾವುದು?

ಒಂದು ಕಾಲ್ಪನಿಕ ಉದಾಹರಣೆ. ಒಟ್ಟು 10 ಹುದ್ದೆ: ಸಾಮಾನ್ಯ ಅರ್ಹತೆ 6, ಪ.ಜಾ. 2, 2ಎ 2. ಮಹಿಳೆಯರಿಗೆ ಶೇ. 33 ಎಂದರೆ ಆರರಲ್ಲಿ 2. ಅಂಕಗಳ ಸಾಲು ಹೀಗಿದೆ ಎಂದುಕೊಳ್ಳಿ:

91 – ಪುರುಷ, ಮೀಸಲಾತಿ ಇಲ್ಲ
89 – ಪುರುಷ, ಪ.ಜಾ.
88 – ಮಹಿಳೆ, ಮೀಸಲಾತಿ ಇಲ್ಲ
86 – ಪುರುಷ, 2ಎ
85 – ಪುರುಷ, ಮೀಸಲಾತಿ ಇಲ್ಲ
84 – ಪುರುಷ, ಪ.ಜಾ.
82 – ಪುರುಷ, ಮೀಸಲಾತಿ ಇಲ್ಲ
81 – ಮಹಿಳೆ, 2ಎ
80 – ಮಹಿಳೆ, ಮೀಸಲಾತಿ ಇಲ್ಲ

ಮೊದಲು ಜಾತಿ, ಲಿಂಗ ಏನನ್ನೂ ನೋಡದೆ ಮೇಲಿನ ಆರು ಜನರನ್ನು ಸಾಮಾನ್ಯ ಅರ್ಹತೆಗೆ ಹಾಕಬೇಕು. 91ರಿಂದ 84ರ ತನಕ. ಆಮೇಲೆ ಆ ಆರರಲ್ಲಿ ಮಹಿಳೆಯರೆಷ್ಟು ಎಂದು ಎಣಿಸಬೇಕು. ಒಬ್ಬರಿದ್ದಾರೆ, ಇಬ್ಬರು ಬೇಕು. ಆದ್ದರಿಂದ ಕೊನೆಯ ಪುರುಷ (84) ಹೊರಗೆ ಬರುತ್ತಾರೆ, ಉಳಿದವರಲ್ಲಿ ಅತಿ ಹೆಚ್ಚು ಅಂಕದ ಮಹಿಳೆ ಒಳಗೆ ಹೋಗುತ್ತಾರೆ. ಆಕೆ 81 ಅಂಕದ 2ಎ ಅಭ್ಯರ್ಥಿ.

ತಪ್ಪು ನಡೆಯುವುದು ಈ ಜಾಗದಲ್ಲೇ. "ಅವಳು 2ಎ, ಅವಳಿಗೆ ಅವಳ ಕೋಟಾ ಇದೆ" ಎಂದು 81ನ್ನು ಬಿಟ್ಟು 80ನ್ನು ತೆಗೆದುಕೊಳ್ಳುವುದು. ಉತ್ತರ ಪ್ರದೇಶದ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಆದದ್ದು ಇದೇ: 276.5949 ಅಂಕದ ಒಬಿಸಿ ಮಹಿಳೆಗೆ ಕೆಲಸ ಸಿಗಲಿಲ್ಲ, 274.8298 ಅಂಕಕ್ಕೆ ಸಾಮಾನ್ಯ ವರ್ಗದ ಮಹಿಳಾ ಪಟ್ಟಿ ನಿಂತಿತು. 2020ರ ಸೌರವ್ ಯಾದವ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ವಿಧಾನ ತಪ್ಪು ಎಂದು ಸ್ಪಷ್ಟವಾಗಿ ಹೇಳಿತು.

ಹೊರಬಂದ 84 ಅಂಕದವರು ಪ.ಜಾ. ಪಟ್ಟಿಯ ಮೇಲ್ತುದಿಗೆ ಹೋಗಿ ಅಲ್ಲಿನ ಎರಡರಲ್ಲಿ ಒಂದು ಹುದ್ದೆ ಪಡೆಯುತ್ತಾರೆ. 89ರವರು ಸಾಮಾನ್ಯ ಅರ್ಹತೆಯಲ್ಲೇ ಇರುವುದರಿಂದ ಪ.ಜಾ.ದ ಇನ್ನೊಂದು ಹುದ್ದೆ ಮುಂದಿನವರಿಗೆ. ಅಂತಿಮವಾಗಿ ಪ.ಜಾ.ದ ಮೂವರು ಆಯ್ಕೆಯಾದಂತೆ ಕಾಣುತ್ತದೆ. ಕೋಟಾ ಮೀರಿತು ಎಂದು ಗದ್ದಲ ಏಳುವುದು ಇಂಥ ಪಟ್ಟಿ ನೋಡಿಯೇ. ಮೀರಿಲ್ಲ.

82 ಅಂಕದ ಪುರುಷನಿಗೆ ಕೆಲಸ ಸಿಗಲಿಲ್ಲ, 81ರ ಮಹಿಳೆಗೆ ಸಿಕ್ಕಿತು. ಹೌದು, ಸಮತಳ ಮೀಸಲಾತಿ (ಮಹಿಳೆಯರದ್ದರಂತೆ ಎಲ್ಲ ಪ್ರವರ್ಗಗಳ ಒಳಗೂ ಹಾಯುವ ಪಾಲು) ಕೇಳುವ ಬೆಲೆ ಅದು. ಅದನ್ನು ಮುಚ್ಚಿಟ್ಟು ವಾದಿಸುವುದರಲ್ಲಿ ಅರ್ಥವಿಲ್ಲ.

ಒಂದು ಷರತ್ತು: ವಯೋಮಿತಿ, ಶುಲ್ಕ ಅಥವಾ ಕನಿಷ್ಠ ಅಂಕದ ರಿಯಾಯಿತಿ ಪಡೆದವರು ಸಾಮಾನ್ಯ ಅರ್ಹತೆಗೆ ಬರಬಹುದೇ ಎಂಬುದು ಆಯಾ ನೇಮಕಾತಿಯ ನಿಯಮದ ಮೇಲೆ ನಿಂತಿದೆ. ನಿಯಮ ಓದದೆ ಹೇಳಲಾಗದು.

ಲಂಬ ಮತ್ತು ಸಮತಳ ಮೀಸಲಾತಿಗೆ ಏನು ವ್ಯತ್ಯಾಸ?

ಪ.ಜಾ., ಪ.ಪಂ., ಹಿಂದುಳಿದ ಪ್ರವರ್ಗಗಳದ್ದು ಲಂಬ. ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ಅಂಗವಿಕಲ, ಮಾಜಿ ಸೈನಿಕ, ಯೋಜನಾ ನಿರಾಶ್ರಿತ, 2021ರಿಂದ ಶೇ. 1 ಪಡೆದ ತೃತೀಯ ಲಿಂಗಿ, ಇವು ಸಮತಳ. ಪ್ರತಿ ಲಂಬ ಪ್ರವರ್ಗದ ಒಳಗೂ ಹಾದುಹೋಗುತ್ತವೆ. ಎಣಿಕೆಯ ನಿಯಮ ಎರಡಕ್ಕೂ ಬೇರೆ. ಅಂಕದ ಬಲದಿಂದ ಸಾಮಾನ್ಯ ಅರ್ಹತೆಗೆ ಬಂದ ಪ.ಜಾ. ಅಭ್ಯರ್ಥಿ ಪ.ಜಾ. ಕೋಟಾಕ್ಕೆ ಲೆಕ್ಕವಿಲ್ಲ. ಆದರೆ ಅಂಕದ ಬಲದಿಂದಲೇ ಬಂದ ಮಹಿಳೆ ಆ ಪ್ರವರ್ಗದ ಮಹಿಳಾ ಪಾಲಿಗೆ ಲೆಕ್ಕ. ಈಗಾಗಲೇ ಇಬ್ಬರು ಮಹಿಳೆಯರು ಇದ್ದಿದ್ದರೆ ಮೇಲಿನ ಉದಾಹರಣೆಯಲ್ಲಿ ಯಾರನ್ನೂ ಹೊರಗೆ ಹಾಕಬೇಕಿರಲಿಲ್ಲ. 2007ರ ರಾಜೇಶ್ ಕುಮಾರ್ ದಾರಿಯಾ ತೀರ್ಪು ಇದನ್ನು ಬಿಡಿಸಿ ಹೇಳಿದೆ.

ರೋಸ್ಟರ್ ಎಂದರೇನು? ಅದರಲ್ಲಿ ನ್ಯಾಯದ ಪ್ರಶ್ನೆ ಎಲ್ಲಿದೆ?

ಶೇಕಡಾವಾರು ಪಾಲನ್ನು ಬಿಡಿ ಬಿಡಿ ಹುದ್ದೆಗಳ ಮೇಲೆ ಇಳಿಸುವ ಪಟ್ಟಿಯೇ ರೋಸ್ಟರ್. ಎಷ್ಟನೇ ಹುದ್ದೆ ಯಾರದ್ದು ಎಂದು ಅದು ಹೇಳುತ್ತದೆ. ಹುದ್ದೆಯ ಸಂಖ್ಯೆಯನ್ನು ಪಾಲಿನಿಂದ ಗುಣಿಸಿ, ಮೊತ್ತ 1 ತಲುಪಿದ ಕಡೆ ಆ ವರ್ಗಕ್ಕೆ ಒಂದು ಬಿಂದು. ಕೇಂದ್ರದ ಪಾಲುಗಳನ್ನೇ ತೆಗೆದುಕೊಂಡರೆ: ಒಬಿಸಿಗೆ ಶೇ. 27, ನಾಲ್ಕನೇ ಹುದ್ದೆಗೆ 4×0.27 = 1.08, ಹಾಗಾಗಿ ನಾಲ್ಕನೆಯದು ಅವರದು. ಪ.ಜಾ. ಶೇ. 15, ಏಳನೆಯದಕ್ಕೆ 1.05. ಇಡಬ್ಲ್ಯೂಎಸ್ ಶೇ. 10, ಹತ್ತನೆಯದಕ್ಕೆ 1. ಪ.ಪಂ. ಶೇ. 7.5, ಹದಿನಾಲ್ಕನೆಯದಕ್ಕೆ 1.05.

ಈಗ ಆರು ಬೋಧಕ ಹುದ್ದೆ ಇರುವ ವಿಭಾಗವೊಂದನ್ನು ನೋಡಿ. ವಿಭಾಗವನ್ನೇ ಘಟಕ ಮಾಡಿ ಎಣಿಸಿದರೆ ಪ.ಜಾ.ದ ಸರದಿ ಏಳನೆಯದು, ಪ.ಪಂ.ದ್ದು ಹದಿನಾಲ್ಕನೆಯದು. ಒಂದನ್ನೂ ಮುಟ್ಟುವುದಿಲ್ಲ. ಇಂಥ ಮೂವತ್ತು ವಿಭಾಗಗಳಿದ್ದರೂ ಪ್ರತಿ ವಿಭಾಗದಲ್ಲೂ ಇದೇ ಕಥೆ. ಅದೇ 180 ಹುದ್ದೆಗಳನ್ನು ಇಡೀ ವಿಶ್ವವಿದ್ಯಾಲಯದ ಒಂದೇ ಸಾಲಿನಲ್ಲಿ ಎಣಿಸಿದರೆ ಪ.ಜಾ.ಕ್ಕೆ 27, ಪ.ಪಂ.ಕ್ಕೆ 13 ಹುದ್ದೆ. ಶೇಕಡಾ ಬದಲಾಗಿಲ್ಲ, ಘಟಕವಷ್ಟೇ ಬದಲಾಗಿದೆ. 2017ರಲ್ಲಿ ಅಲಹಾಬಾದ್ ಹೈಕೋರ್ಟ್ ವಿಭಾಗವೇ ಘಟಕ ಎಂದ ಮೇಲೆ ದೇಶದಾದ್ಯಂತ ಪ್ರತಿಭಟನೆ ಎದ್ದದ್ದು ಇದಕ್ಕೇ. 2019ರಲ್ಲಿ ಸಂಸತ್ತು ಕಾಯ್ದೆ ತಂದು, ಕೇಂದ್ರೀಯ ಸಂಸ್ಥೆಗಳಲ್ಲಿ ಸಂಸ್ಥೆಯನ್ನೇ ಘಟಕವೆಂದು ನಿಗದಿ ಮಾಡಿತು.

ವೃಂದದಲ್ಲಿ (ಒಂದೇ ದರ್ಜೆಯ ಹುದ್ದೆಗಳ ಗುಂಪಿನಲ್ಲಿ) ಒಂದೇ ಹುದ್ದೆ ಇದ್ದರೆ ಅದನ್ನು ಮೀಸಲಿಡುವಂತಿಲ್ಲ. ಇಟ್ಟರೆ ಅದು ನೂರಕ್ಕೆ ನೂರು ಮೀಸಲಾತಿ. ರೋಸ್ಟರ್ ಒಮ್ಮೆ ತುಂಬಿದ ಮೇಲೆ, ನಿವೃತ್ತಿಯಿಂದ ಖಾಲಿಯಾದ ಜಾಗಕ್ಕೆ ಅದೇ ವರ್ಗದವರು ಬರಬೇಕು ಎಂಬುದು 1995ರ ಸಬರ್‌ವಾಲ್ ತೀರ್ಪಿನ ನಿಯಮ.

ಒಳಮೀಸಲಾತಿ ಏಕೆ ಇಷ್ಟು ಕಗ್ಗಂಟು?

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ 6:1ರಲ್ಲಿ, ಪ.ಜಾ.ದ ಒಳಗೆ ಉಪವರ್ಗೀಕರಣ ಮಾಡಬಹುದು ಎಂದಿತು. ಅದಕ್ಕೆ ಅಡ್ಡಿಯಾಗಿದ್ದ 2004ರ ಚಿನ್ನಯ್ಯ ತೀರ್ಪು ಬಿದ್ದುಹೋಯಿತು. ಷರತ್ತು: ದತ್ತಾಂಶ ಬೇಕು, ಪೂರ್ತಿ ಪಾಲನ್ನು ಒಂದೇ ಗುಂಪಿಗೆ ಕೊಡುವಂತಿಲ್ಲ. ಕರ್ನಾಟಕದಲ್ಲಿ ನ್ಯಾ. ನಾಗಮೋಹನ ದಾಸ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟು ಐದು ಗುಂಪು ಸೂಚಿಸಿತು. ಅದೇ ತಿಂಗಳು ಸಚಿವ ಸಂಪುಟ ಅದನ್ನು ಮೂರಕ್ಕೆ ಇಳಿಸಿ ಪ.ಜಾ.ದ ಶೇ. 17ನ್ನು 6, 6, 5 ಎಂದು ಹಂಚಿತು. ಆಯೋಗ ಶೇ. 1 ಪ್ರತ್ಯೇಕವಾಗಿ ಕೊಟ್ಟಿದ್ದ ಅಲೆಮಾರಿ ಸಮುದಾಯಗಳು ಶೇ. 5ರ ದೊಡ್ಡ ಗುಂಪಿನೊಳಗೆ ಸೇರಿಹೋದವು. ಅವರ ಹೋರಾಟ ಅದರ ವಿರುದ್ಧ.

ಇಲ್ಲಿ ರೋಸ್ಟರಿನ ಗುಣಾಕಾರ ನೆನಪಿಡಿ. ಶೇ. 6 ಎಂದರೆ ಮೊದಲ ಬಿಂದು 17ನೇ ಹುದ್ದೆಗೆ, ಶೇ. 5 ಎಂದರೆ 20ನೆಯದಕ್ಕೆ, ಶೇ. 1 ಎಂದರೆ ನೂರನೆಯದಕ್ಕೆ. ಪ್ರತ್ಯೇಕ ಶೇ. 1 ಸಿಕ್ಕರೆ ನೂರಕ್ಕಿಂತ ಸಣ್ಣ ವೃಂದಗಳಲ್ಲಿ, ಬಿಂದುವನ್ನು ಬೇಕೆಂದೇ ಮುಂದಕ್ಕೆ ತರದ ಹೊರತು, ಏನೂ ಸಿಗದು. ದೊಡ್ಡ ಗುಂಪಿನಲ್ಲಿ ಸೇರಿದರೆ ಬಿಂದು ಬೇಗ ಬರುತ್ತದೆ, ಆದರೆ ಪೈಪೋಟಿ ತಮಗಿಂತ ಮುಂದಿರುವವರ ಜೊತೆ. ಎರಡರಲ್ಲೂ ಸಣ್ಣ ಸಮುದಾಯಕ್ಕೆ ನಷ್ಟವಿದೆ. ಗುಂಪುಗಳ ನಡುವೆ ಬಿಂದುಗಳ ಕ್ರಮ ಹೇಗೆ ಎಂಬುದು ಶೇಕಡಾವಾರಿನಷ್ಟೇ ಮುಖ್ಯ, ಆದರೆ ವೇದಿಕೆಗಳಲ್ಲಿ ಅದರ ಮಾತು ಕೇಳಿಬರುವುದು ಕಡಿಮೆ.

ಬಡತನವೊಂದನ್ನೇ ಆಧಾರ ಮಾಡಿದರೆ ಸರಳವಲ್ಲವೇ?

ಮೀಸಲಾತಿ ಬಡತನ ನಿವಾರಣೆಯ ಯೋಜನೆಯಾಗಿ ಹುಟ್ಟಲಿಲ್ಲ. ಅಧಿಕಾರದ ಜಾಗಗಳಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬ ಪ್ರಶ್ನೆಯಿಂದ ಹುಟ್ಟಿತು. ಬಡತನಕ್ಕೆ ವಿದ್ಯಾರ್ಥಿವೇತನ, ಹಾಸ್ಟೆಲ್, ಶುಲ್ಕ ವಿನಾಯಿತಿ ನೇರ ಮದ್ದು. ಇನ್ನು ಆದಾಯದ ಅಳತೆ ಸರಳ ಎಂಬುದೂ ಭ್ರಮೆ. ಕೇಂದ್ರದಲ್ಲಿ ಒಬಿಸಿ ಕೆನೆಪದರಕ್ಕೂ (ಹಿಂದುಳಿದ ವರ್ಗದಲ್ಲೇ ಮುಂದುವರಿದಿದ್ದು ಮೀಸಲಾತಿಯಿಂದ ಹೊರಗಿರುವವರು) ಇಡಬ್ಲ್ಯೂಎಸ್‌ಗೂ ಮಿತಿ ಒಂದೇ: 8 ಲಕ್ಷ ರೂಪಾಯಿ. ಆದರೆ ಕೆನೆಪದರದ ಆದಾಯ ಪರೀಕ್ಷೆಯಲ್ಲಿ ತಂದೆ-ತಾಯಿಯ ಸಂಬಳ ಮತ್ತು ಕೃಷಿ ಆದಾಯ ಸೇರುವುದಿಲ್ಲ, ಬದಲಿಗೆ ಅವರ ಹುದ್ದೆಯ ದರ್ಜೆ ನೋಡುತ್ತಾರೆ. ಇಡಬ್ಲ್ಯೂಎಸ್‌ನಲ್ಲಿ ಕುಟುಂಬದ ಎಲ್ಲ ಆದಾಯವೂ ಸೇರುತ್ತದೆ, ಜೊತೆಗೆ ಐದು ಎಕರೆ ಕೃಷಿ ಭೂಮಿ ಅಥವಾ ಸಾವಿರ ಚದರಡಿಯ ಮನೆ ಇದ್ದರೆ ಅನರ್ಹ. ತಂದೆ ನೇರ ನೇಮಕಾತಿಯ ಗ್ರೂಪ್ ಎ ಅಧಿಕಾರಿಯಾಗಿದ್ದರೆ ಆದಾಯ ಎಷ್ಟೇ ಇರಲಿ ಮಕ್ಕಳು ಕೆನೆಪದರ. ಎಷ್ಟೋ ಮನೆಗಳಲ್ಲಿ ಸಂಬಳ 8 ಲಕ್ಷ ದಾಟಿತೆಂದು ಅರ್ಹರೇ ಅರ್ಜಿ ಹಾಕದೆ ಕೂರುತ್ತಾರೆ.

ಕರ್ನಾಟಕದ ಪಟ್ಟಿಯಲ್ಲಿ ಪ್ರವರ್ಗ-1ಕ್ಕೆ ಕೆನೆಪದರ ಅನ್ವಯಿಸುವುದಿಲ್ಲ.

ಪ್ರಮಾಣ ಪತ್ರದಲ್ಲಿ ಎಲ್ಲಿ ಎಡವುತ್ತಾರೆ?

ನಮೂನೆಯಲ್ಲಿ. ರಾಜ್ಯದ ನೇಮಕಾತಿಗೆ ಪ.ಜಾ., ಪ.ಪಂ.ದವರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, 2ಎಯಿಂದ 3ಬಿ ತನಕ ನಮೂನೆ-ಎಫ್. ಕೊಡುವವರು ತಹಶೀಲ್ದಾರ್, ಅರ್ಜಿ ನಾಡಕಚೇರಿಯಲ್ಲಿ. ಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಆನ್‌ಲೈನ್ ಅರ್ಜಿಯಲ್ಲಿ ತುಂಬುವಾಗ ಒಂದು ಅಂಕಿ ತಪ್ಪಿದರೂ ಪರಿಶೀಲನೆಯಲ್ಲಿ ತೊಡಕಾಗುತ್ತದೆ. 2ಎ–3ಬಿಯವರ ಜಾತಿ ಮತ್ತು ಆದಾಯ ಪತ್ರಕ್ಕೆ ಐದು ವರ್ಷದ ಅವಧಿ. ಅರ್ಜಿಯ ಕೊನೆಯ ದಿನಾಂಕದಂದು ಅದು ಚಾಲ್ತಿಯಲ್ಲಿರಬೇಕು. ನಂತರ ಮಾಡಿಸಿದ್ದು ನಡೆಯುವುದಿಲ್ಲ.

ಕೇಂದ್ರದ ಹುದ್ದೆಗೆ ಕೇಂದ್ರದ ನಮೂನೆಯೇ ಬೇಕು, ಮತ್ತು ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿರಬೇಕು. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ್ದರಲ್ಲಿ ಇಲ್ಲದ ಜಾತಿಗಳಿವೆ.

ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿ ತನಕ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಹಳ್ಳಿಯಲ್ಲಿ ಮನೆ ಇದ್ದು ಪಟ್ಟಣದ ಶಾಲೆಗೆ ಬಸ್ಸಿನಲ್ಲಿ ಹೋದವರಿಗೆ ಇಲ್ಲ. ಕಲ್ಯಾಣ ಕರ್ನಾಟಕದವರು 371ಜೆ (ಆ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ ವಿಧಿ) ಅರ್ಹತಾ ಪತ್ರ ಇದ್ದರೂ, ಅರ್ಜಿಯಲ್ಲಿ ಸ್ಥಳೀಯ ವೃಂದವೋ (ಆ ಭಾಗದ ಹುದ್ದೆಗಳು) ಉಳಿಕೆ ಮೂಲ ವೃಂದವೋ (ರಾಜ್ಯದ ಉಳಿದ ಹುದ್ದೆಗಳು) ಎಂಬುದನ್ನು ಎಚ್ಚರದಿಂದ ಗುರುತು ಮಾಡಬೇಕು.

ಮದುವೆಯಾದ ಮೇಲೆ ಗಂಡನ ಜಾತಿಯ ಮೀಸಲಾತಿ ಸಿಗುತ್ತದೆಯೇ?

ಇಲ್ಲ. ಹುಟ್ಟಿನಿಂದ ಬಂದ ಹಿಂದುಳಿದಿರುವಿಕೆಗೆ ಮೀಸಲಾತಿ. 1996ರ ವಲ್ಸಮ್ಮ ಪಾಲ್ ತೀರ್ಪು ಇದರ ಆಧಾರ.

ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ?

ಕರ್ನಾಟಕದ ಪ.ಜಾ. ಅಥವಾ ಪ.ಪಂ. ಪತ್ರ ಮಹಾರಾಷ್ಟ್ರದ ರಾಜ್ಯ ಹುದ್ದೆಗೆ ನಡೆಯುವುದಿಲ್ಲ. ಪಟ್ಟಿ ರಾಜ್ಯವಾರು ಇದೆ, ಅದೇ ಜಾತಿ ಎರಡೂ ಕಡೆ ಇದ್ದರೂ ಸಹ. 1990ರ ಮರ್ರಿ ಚಂದ್ರಶೇಖರ ರಾವ್ ತೀರ್ಪಿನಿಂದ 2018ರ ಬೀರ್ ಸಿಂಗ್ ತೀರ್ಪಿನ ತನಕ ಕೋರ್ಟ್ ಇದೇ ಮಾತು ಹೇಳಿದೆ. ಕೇಂದ್ರದ ಅಖಿಲ ಭಾರತ ಮಟ್ಟದ ನೇಮಕಾತಿಗೆ ತೊಂದರೆಯಿಲ್ಲ. ಹೊಟ್ಟೆಪಾಡಿಗೆ ಗಡಿ ದಾಟಿದ ಕುಟುಂಬದ ಬೆನ್ನಿಗೆ ಜಾತಿಯ ಅವಮಾನ ಹೋಗುತ್ತದೆ, ಪರಿಹಾರ ಗಡಿಯಲ್ಲೇ ನಿಲ್ಲುತ್ತದೆ. ಈ ನಿಯಮಕ್ಕೆ ಕಾನೂನಿನ ತರ್ಕವಿದೆ, ನ್ಯಾಯದ ಉತ್ತರ ನಮಗಂತೂ ಕಂಡಿಲ್ಲ.

ಪಟ್ಟಿಯಲ್ಲಿ ತಪ್ಪಿದೆ ಅನ್ನಿಸಿದರೆ ಏನು ಮಾಡಬೇಕು?

ತಾತ್ಕಾಲಿಕ ಆಯ್ಕೆಪಟ್ಟಿ ಬಂದ ದಿನವೇ ಕಟ್‌ಆಫ್ ಅಂಕಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. 2ಎ ಮಹಿಳೆಯರ ಕಟ್‌ಆಫ್ ಜಿಎಂ ಮಹಿಳೆಯರದ್ದಕ್ಕಿಂತ ಹೆಚ್ಚಿದ್ದರೆ ಅನುಮಾನಿಸಲು ಕಾರಣವಿದೆ. ರಿಯಾಯಿತಿ ನಿಯಮ ಅಥವಾ ಹುದ್ದೆಯ ಆದ್ಯತೆಯಿಂದಲೂ ಹಾಗಾಗಬಹುದು, ಆದ್ದರಿಂದ ಅದನ್ನೂ ನೋಡಿ. ಆಕ್ಷೇಪಣೆಯನ್ನು ಗಡುವಿನೊಳಗೆ ಲಿಖಿತವಾಗಿ ಕೊಡಿ. "ಅನ್ಯಾಯವಾಗಿದೆ" ಎಂದು ಬರೆದರೆ ಸಾಲದು. ನಿಮ್ಮ ಅಂಕ, ನಿಮಗಿಂತ ಕಡಿಮೆ ಅಂಕಕ್ಕೆ ಆಯ್ಕೆಯಾದವರ ಕ್ರಮ ಸಂಖ್ಯೆ, ಅವರು ಯಾವ ಬಿಂದುವಿನಲ್ಲಿ ಬಂದರು ಎಂಬುದು ಬೇಕು. ರೋಸ್ಟರ್ ವಹಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು.

ರಾಜ್ಯ ಸರ್ಕಾರಿ ನೇಮಕಾತಿಯ ತಕರಾರು ಹೋಗುವುದು ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ (ಕೆಎಟಿ). ಸಾಮಾನ್ಯವಾಗಿ ಆದೇಶವಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ ನೇಮಕಾತಿ ಆದೇಶಗಳು ಹೊರಬಿದ್ದ ಮೇಲೆ ಪಟ್ಟಿ ತಿದ್ದಿಸುವುದು ಬಲು ಕಷ್ಟ, ಹಾಗಾಗಿ ವರ್ಷ ಕಾಯಬೇಡಿ. ಯಾರ ಆಯ್ಕೆಯನ್ನು ಪ್ರಶ್ನಿಸುತ್ತೀರೋ ಅವರನ್ನೂ ಪ್ರತಿವಾದಿ ಮಾಡಬೇಕು. ಇಲ್ಲವಾದರೆ ಅರ್ಜಿ ಅದೊಂದೇ ಕಾರಣಕ್ಕೆ ಬೀಳಬಹುದು.

ಜಾತಿ ಪತ್ರವನ್ನೇ ತಹಶೀಲ್ದಾರ್ ತಿರಸ್ಕರಿಸಿದ್ದರೆ ದಾರಿ ಬೇರೆ: 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ತಂದೆಯ ಅಥವಾ ಅಜ್ಜನ ಶಾಲಾ ದಾಖಲಾತಿ ವಹಿಯ ಪ್ರತಿ ಸಿಕ್ಕರೆ ಅದನ್ನೇ ಮೊದಲು ಲಗತ್ತಿಸಿ. ಆಯ್ಕೆಯಾದ ಮೇಲೆ ಜಿಲ್ಲಾ ಜಾತಿ ಮತ್ತು ಆದಾಯ ಪರಿಶೀಲನಾ ಸಮಿತಿಯ ಮುಂದೆ ಸಿಂಧುತ್ವಕ್ಕೆ ಹೋದಾಗಲೂ ಅವರು ಕೇಳುವುದು ಅದನ್ನೇ.